ಸೂರಿನ ಲೆಕ್ಕ: ಛಾವಣಿಯ ಅಂದಾಜು ತಂತ್ರಾಂಶದಲ್ಲಿ ಅಂಚುಪಟ್ಟಿ, ಸಂಧಿತಗಡುಗಳ ಅಳವಡಿಕೆ

ಮನೆಯ ಛಾವಣಿ ಸೋರುವುದು ಸಾಮಾನ್ಯವಾಗಿ ಅದರ ಬಯಲಿನಲ್ಲಲ್ಲ, ಅದರ ಅಂಚಿನಲ್ಲಿ. ಇಳಿಜಾರಿನ ನಡುವೆ ಒಂದು ಹಂಚು ಒಡೆದರೆ ತೊಟ್ಟಿಕ್ಕುವ ನೀರು ಅಂದೇ ಕಣ್ಣಿಗೆ ಬೀಳುತ್ತದೆ; ಹಂಚನ್ನು ಬದಲಿಸಿದರೆ ಕಾರ್ಯ ಮುಗಿಯಿತು. ಆದರೆ ಎರಡು ಇಳಿಜಾರುಗಳು ಕೂಡುವ ನೆತ್ತಿಯಲ್ಲಿ, ಛಾವಣಿಯು ಗೋಡೆಗೆ ತಾಗುವ ಸಂಧಿಯಲ್ಲಿ, ಪಕ್ಕದ ಅಂಚಿನಲ್ಲಿ ಒಳಸೇರಿದ ನೀರು ಬಹುಕಾಲ ಕಾಣಿಸಿಕೊಳ್ಳುವುದಿಲ್ಲ. ಅದು ಗೋಡೆಯ ಮಣ್ಣನ್ನು ಒಳಗಿನಿಂದಲೇ ಸಡಿಲಗೊಳಿಸುತ್ತದೆ. ತೊಲೆಯ ತುದಿಯನ್ನು ಕೊಳೆಯಿಸುತ್ತದೆ. ಗೋಡೆ ಉಬ್ಬಿದ ಮೇಲೆ ಮನೆಯವರು ಎಚ್ಚರಗೊಳ್ಳುವ ಹೊತ್ತಿಗೆ ದುರಸ್ತಿಯು ಅವರ ಕೈಮೀರಿರುತ್ತದೆ. ಇಷ್ಟು ಮಹತ್ವದ ಅಂಚು ಅಂದಾಜುಪಟ್ಟಿಯಲ್ಲಿ ಮಾತ್ರ ಎಲ್ಲಕ್ಕಿಂತ ಕಡೆಯ ಸಾಲಾಗಿ, ಎಷ್ಟೋ ವೇಳೆ ‘ಇತರೆ’ ಎಂಬ ಒಂದೇ ಮಾತಿನೊಳಗೆ ಅಡಗಿಹೋಗಿರುವುದು ಸೋಜಿಗವಾಗಿದೆ.

ಈಗ ಅಂದಾಜುಪಟ್ಟಿಯನ್ನು ಕೈಬರಹದಿಂದ ಮಾಡುವ ಪದ್ಧತಿ ಹಿಂದೆ ಸರಿದು, ಗಣಕಯಂತ್ರದ ತಂತ್ರಾಂಶವು ಆ ಸ್ಥಾನಕ್ಕೆ ಬರುತ್ತಿದೆ. ನಕ್ಷೆಯ ಮೇಲೆ ಗೆರೆಗಳನ್ನು ಗುರುತಿಸಿದರೆ ವಿಸ್ತೀರ್ಣ, ಸಾಮಗ್ರಿ, ವೆಚ್ಚಗಳನ್ನು ಅದು ಕ್ಷಣಮಾತ್ರದಲ್ಲಿ ಹೇಳುತ್ತದೆ. ಆದರೆ ತಂತ್ರಾಂಶವು ತನ್ನ ಸಾಮಗ್ರಿಕೋಶದಲ್ಲಿ ಇಲ್ಲದ ವಸ್ತುವನ್ನು ಎಣಿಸಲಾರದು; ತಪ್ಪು ಮಾನದಲ್ಲಿ ಬರೆದ ವಸ್ತುವನ್ನು ತಪ್ಪಾಗಿಯೇ ಎಣಿಸುತ್ತದೆ. ಆದ್ದರಿಂದ ಅಂಚಿನ ಸಾಮಗ್ರಿಗಳನ್ನು ಅದರಲ್ಲಿ ಹೇಗೆ ನಮೂದಿಸತಕ್ಕದ್ದು ಎಂಬುದನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳ ಕಟ್ಟಡಗಳನ್ನು ಮುಂದಿಟ್ಟುಕೊಂಡು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಇಂತಹ ವಿಷಯಕ್ಕೆ ಎಡೆಯೇಕೆ ಎಂಬ ಪ್ರಶ್ನೆ ಏಳಬಹುದು. ಅದಕ್ಕೆ ಉತ್ತರ ಎರಡು. ಹಳೆಯ ಮನೆ, ಮಠ, ಶಾಲೆಗಳನ್ನು ಉಳಿಸಬೇಕೆನ್ನುವವರು ಮೊದಲು ಎದುರಿಸಬೇಕಾದ ಕಾಗದವೇ ಅಂದಾಜುಪಟ್ಟಿ. ಅದು ತಪ್ಪಿದರೆ ಉಳಿಸುವ ಮಾತು ಅಲ್ಲಿಗೆ ನಿಲ್ಲುತ್ತದೆ. ಎರಡನೆಯದಾಗಿ, ಅಂದಾಜುಪಟ್ಟಿಯು ಸ್ವತಃ ಒಂದು ದಾಖಲೆ. ಒಂದು ಕಾಲದ ಜನರು ಯಾವ ವಸ್ತುವಿನಿಂದ, ಯಾವ ಹೆಸರಿನಿಂದ, ಯಾವ ಅಳತೆಯಿಂದ ಕಟ್ಟಿದರೆಂಬುದನ್ನು ಮುಂದಿನವರು ಅದರಿಂದ ತಿಳಿಯುತ್ತಾರೆ.

1. ನಾಲ್ಕು ತಾಲ್ಲೂಕು, ಎರಡು ಬಗೆಯ ಛಾವಣಿ

ಈ ನಾಲ್ಕೂ ಇಂದು ದಾವಣಗೆರೆ ಜಿಲ್ಲೆಗೆ ಸೇರಿದ್ದರೂ ಅವುಗಳ ಹಿನ್ನೆಲೆ ಒಂದೇ ಅಲ್ಲ. 1997ರಲ್ಲಿ ಜಿಲ್ಲೆಯು ರಚಿತವಾಗುವ ತನಕ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ಈಚೆಗೆ ತಾಲ್ಲೂಕಾಯಿತು. ಈ ಆಡಳಿತದ ಗೆರೆಗಿಂತ ಹಳೆಯದು ಮಳೆಯ ಗೆರೆ. ನ್ಯಾಮತಿ, ಹೊನ್ನಾಳಿ, ಚನ್ನಗಿರಿಗಳು ಮಲೆನಾಡಿನ ಸೆರಗಿನಲ್ಲಿವೆ. ಅಡಕೆಯ ತೋಟಗಳ ನಡುವೆ ಇಳಿಜಾರಾದ ಹಂಚಿನ ಮನೆಗಳು ಅಲ್ಲಿ ಇಂದಿಗೂ ಕಾಣಸಿಗುತ್ತವೆ. ಜಗಳೂರು ಬಯಲುಸೀಮೆ, ಬರಕ್ಕೆ ಹೆಸರಾದ ನೆಲ. ಅಲ್ಲಿನ ಹಳೆಯ ಮನೆ ಮಾಳಿಗೆಯ ಮನೆ. ತೊಲೆ, ಜಂತೆಗಳ ಮೇಲೆ ಸೊಪ್ಪುಸದೆ ಹರಡಿ, ಮೇಲೆ ಮಣ್ಣು ತುಂಬಿ ದಮ್ಮಸ್ಸು ಮಾಡಿದ ಚಪ್ಪಟೆ ಛಾವಣಿ ಅದು.

ಹಂಚಿನ ಇತಿಹಾಸವೂ ಎರಡು ಘಟ್ಟದ್ದು. ಕುಂಬಾರನು ತಿಗುರಿಯ ಮೇಲೆ ಕೊಳವೆಯಂತೆ ಎತ್ತಿ, ಎರಡಾಗಿ ಸೀಳಿ ಸುಟ್ಟ ನಾಡಹಂಚು ಮೊದಲನೆಯದು. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೊರಟ, ಒಂದಕ್ಕೊಂದು ಕಚ್ಚಿಕೊಳ್ಳುವ ಮಂಗಳೂರು ಹಂಚು ಎರಡನೆಯದು. ನಾಡಹಂಚಿನ ಮನೆಯಲ್ಲಿ ಬಯಲನ್ನು ಮುಚ್ಚಿದ ಹಂಚೇ ನೆತ್ತಿಯನ್ನೂ ಮುಚ್ಚುತ್ತಿತ್ತು. ಕವುಚಿ ಇಟ್ಟರೆ ಸಾಕಾಗಿತ್ತು. ಮಂಗಳೂರು ಹಂಚು ಬಂದ ಮೇಲೆ ನೆತ್ತಿಗೆ ಬೇರೆಯೇ ಆಕಾರದ ಹಂಚು ಬೇಕಾಯಿತು. ಬಯಲಿನ ಹಂಚಿಗೆ ಭಾರತೀಯ ಮಾನಕ 654, ನೆತ್ತಿಯ ಹಂಚಿಗೆ ಮಾನಕ 1464 ಎಂದು ಪ್ರತ್ಯೇಕ ಮಾನಕಗಳೇ ಇರುವುದು ಈ ಭೇದಕ್ಕೆ ಸಾಕ್ಷಿ. ಅಂಚು ಪ್ರತ್ಯೇಕ ಸಾಮಗ್ರಿಯಾದದ್ದು ಹೀಗೆ.

ತಗಡು ಬಂದದ್ದು ಇನ್ನೊಂದು ದಾರಿಯಿಂದ. 1829ರಲ್ಲಿ ಲಂಡನ್ನಿನ ಹೆನ್ರಿ ರಾಬಿನ್ಸನ್ ಪಾಮರ್ ಅಲೆಯಾಕಾರದ ಕಬ್ಬಿಣದ ತಗಡಿಗೆ ಹಕ್ಕುಪತ್ರ ಪಡೆದನು. 1837ರಲ್ಲಿ ಫ್ರಾನ್ಸಿನ ಸೊರೆಲ್ ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ಕ್ರಮಕ್ಕೆ ಹಕ್ಕುಪತ್ರ ಪಡೆದನು. 1972ರಲ್ಲಿ ಅಮೆರಿಕದಲ್ಲಿ ಅಲ್ಯೂಮಿನಿಯಂ ನೂರಕ್ಕೆ 55 ಭಾಗ, ಉಳಿದುದು ಬಹುಪಾಲು ಸತು ಸೇರಿದ ಲೇಪವು ಮಾರುಕಟ್ಟೆಗೆ ಬಂದಿತು. ಇಂದು ನಮ್ಮ ಪೇಟೆಗಳಲ್ಲಿ ಬಣ್ಣ ಹಚ್ಚಿ ಮಾರುವ ಛಾವಣಿ ತಗಡುಗಳಲ್ಲಿ ಈ ಬಗೆಯೂ ಒಂದು. ಅಂಗಡಿಯವರು ಇದರ ಮಡಿಸಿದ ಪಟ್ಟಿಗಳನ್ನು ‘ಫ್ಲಾಶಿಂಗ್’, ‘ರಿಡ್ಜ್’ ಎಂದೇ ಕರೆಯುತ್ತಾರೆ.

ಸಂಧಿಯನ್ನು ಮುಚ್ಚಲು ಬೇರೆಯೇ ವಸ್ತು ಬೇಕೆಂಬ ಅರಿವು ಮಾತ್ರ ಕನ್ನಡನಾಡಿಗೆ ಹೊರಗಿನಿಂದ ಬಂದುದಲ್ಲ. ಐಹೊಳೆಯ ಲಾಡಖಾನ ದೇವಾಲಯದ ಛಾವಣಿಯನ್ನು ಕಂಡವರಿಗೆ ಇದು ಗೊತ್ತು. ಅಲ್ಲಿ ಇಳಿಜಾರಾಗಿ ಹೊದಿಸಿದ ಕಲ್ಲುಚಪ್ಪಡಿಗಳ ನಡುವಣ ಸಂದುಗಳ ಮೇಲೆ, ಮರದ ದಿಮ್ಮಿಯಂತೆ ಕಡೆದ ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಕೂರಿಸಿದ್ದಾರೆ. ಚಪ್ಪಡಿಯು ಬಯಲನ್ನು ಮುಚ್ಚುತ್ತದೆ, ಪಟ್ಟಿಯು ಸಂದನ್ನು ಮುಚ್ಚುತ್ತದೆ. ಚಾಲುಕ್ಯರ ಕಾಲದ ಕಲ್ಲುಕುಟಿಗನು ಎರಡನ್ನೂ ಬೇರೆ ಬೇರೆಯಾಗಿ ಎಣಿಸದೆ ಕಲ್ಲು ತರಿಸಿರಲಾರನು.

2. ಅಂಚಿನ ಬಗೆಗಳು

ತಂತ್ರಾಂಶದಲ್ಲಿ ಮೊದಲು ಮಾಡತಕ್ಕ ಕೆಲಸ ಅಂಚುಗಳನ್ನು ವಿಂಗಡಿಸುವುದು. ಇಳಿಜಾರು ಛಾವಣಿಯಲ್ಲಿ ಅವು ಆರು. ಎರಡು ಇಳಿಜಾರುಗಳು ಮೇಲೆ ಕೂಡುವ ಮಟ್ಟಸವಾದ ಗೆರೆ ನೆತ್ತಿ. ಹೊರಮೂಲೆಯಿಂದ ನೆತ್ತಿಗೆ ಓರೆಯಾಗಿ ಏರುವ ಗೆರೆ ಮೂಲೆಯ ಏಣು. ಎರಡು ಇಳಿಜಾರುಗಳು ಒಳಮೂಲೆಯಲ್ಲಿ ಕೂಡಿ ನೀರು ಹರಿಯುವ ಗೆರೆ ಒಳಗಣಿವೆ. ನೀರು ಕೆಳಗೆ ಬೀಳುವ ಅಂಚು ಸೂರು. ತ್ರಿಕೋನಗೋಡೆಯ ಮೇಲಿನ ಓರೆಯಂಚು ಪಕ್ಕದಂಚು. ಛಾವಣಿಯು ಎತ್ತರದ ಗೋಡೆಗೆ ಬಂದು ತಾಗುವ ಗೆರೆ ಗೋಡೆಸಂಧಿ.

ಇವುಗಳಲ್ಲಿ ಪ್ರತಿಯೊಂದಕ್ಕೂ ನೀರಿನ ಒತ್ತಡ ಬೇರೆ, ಆದ್ದರಿಂದ ತಗಡಿನ ಅಗಲ ಬೇರೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಸತುಲೇಪದ ತಗಡಿನಿಂದ ಮಾಡುವ ನೆತ್ತಿಗೂ ಏಣಿಗೂ ಒಟ್ಟು ಅಗಲ 60 ಸೆಂ.ಮೀ., ಒಳಗಣಿವೆಗೆ 90 ಸೆಂ.ಮೀ., ಗೋಡೆಸಂಧಿಯ ತಗಡಿಗೆ 40 ಸೆಂ.ಮೀ. ಎಂದು ಇರಿಸಿ, ಎಲ್ಲವನ್ನೂ ಉದ್ದದ ಮೀಟರಿನಲ್ಲಿ ಅಳೆಯುವುದನ್ನು ಗಮನಿಸಬಹುದು. ಎರಡು ಇಳಿಜಾರಿನ ನೀರು ಕೂಡಿ ಹರಿಯುವ ಕಣಿವೆಗೆ ಎಲ್ಲಕ್ಕಿಂತ ಹೆಚ್ಚು ಅಗಲ ಕೊಟ್ಟಿರುವುದು ಸಕಾರಣವಾಗಿದೆ.

3. ವಿಸ್ತೀರ್ಣ ಒಂದೇ, ಅಂಚು ಬೇರೆ

ಅಂಚನ್ನು ವಿಸ್ತೀರ್ಣದ ಮೇಲೆ ಶೇಕಡಾವಾರು ಸೇರಿಸಿ ತೀರಿಸುವ ರೂಢಿಯುಂಟು. ಇದು ಏಕೆ ಸಲ್ಲದೆಂಬುದು ಒಂದು ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಸೂರಿನಿಂದ ಸೂರಿಗೆ 10 ಮೀ. ಉದ್ದ, 6 ಮೀ. ಅಗಲವಾದ ಎರಡು ಮನೆಗಳಿವೆಯೆನ್ನೋಣ. ಎರಡಕ್ಕೂ ಇಳಿಜಾರು 30 ಡಿಗ್ರಿ. ಮೊದಲನೆಯದು ಎರಡು ಇಳಿಜಾರಿನ ಮನೆ, ಎರಡನೆಯದು ನಾಲ್ಕೂ ಕಡೆ ಇಳಿಜಾರಿರುವ ಮನೆ. ನಕ್ಷೆಯ ವಿಸ್ತೀರ್ಣ 60 ಚದರ ಮೀ.; ಅದನ್ನು 30 ಡಿಗ್ರಿಯ ಗುಣಕವಾದ 1.1547ರಿಂದ ಗುಣಿಸಿದರೆ ಎರಡೂ ಛಾವಣಿಗಳ ವಿಸ್ತೀರ್ಣ ಒಂದೇ, 69.28 ಚದರ ಮೀ. ಬಯಲಿನ ಹಂಚಿನ ಲೆಕ್ಕದಲ್ಲಿ ಮೂಲೆಯ ಕಡಿತ ಬಿಟ್ಟರೆ ಭೇದವಿಲ್ಲ.

ಅಂಚಿನ ಲೆಕ್ಕ ನೋಡಿದರೆ, ಮೊದಲನೆಯ ಮನೆಗೆ ನೆತ್ತಿ 10 ಮೀ., ಸೂರು 20 ಮೀ., ಪಕ್ಕದಂಚು ತಲಾ 3.46 ಮೀ. ನಾಲ್ಕು, ಅಂದರೆ 13.86 ಮೀ.; ಒಟ್ಟು 43.86 ಮೀ. ಎರಡನೆಯದಕ್ಕೆ ನೆತ್ತಿ 4 ಮೀ., ಏಣು ತಲಾ 4.58 ಮೀ. ನಾಲ್ಕು, ಅಂದರೆ 18.33 ಮೀ., ಸೂರು 32 ಮೀ.; ಒಟ್ಟು 54.33 ಮೀ. ನೆತ್ತಿ ಮತ್ತು ಏಣುಗಳನ್ನು ಮುಚ್ಚುವ ಹಂಚನ್ನೇ ಎಣಿಸಿದರೆ, ಒಂದು ಹಂಚು 40 ಸೆಂ.ಮೀ. ಮುಚ್ಚುವುದೆಂದು ಇಟ್ಟುಕೊಂಡಲ್ಲಿ ಮೊದಲ ಮನೆಗೆ 25, ಎರಡನೆಯದಕ್ಕೆ 56. ವಿಸ್ತೀರ್ಣದ ಮೇಲೆ ಶೇಕಡಾವಾರು ಹಾಕಿದವನು ಎರಡಕ್ಕೂ ಒಂದೇ ಸಂಖ್ಯೆಯನ್ನು ಬರೆದಿರುತ್ತಾನೆ. ಕಡಮೆ ಬಿದ್ದ ಹಂಚಿಗೆ ಬದಲಾಗಿ ಗಾರೆಯನ್ನು ಮೆತ್ತಿ ಮುಗಿಸುವ ಪ್ರಸಂಗ ಒದಗುವುದು ಇಲ್ಲಿಯೇ. ಎರಡನೆಯ ಮನೆಗೆ ಅಷ್ಟೇ ಅಗಲದ ಒಂದು ರೆಕ್ಕೆಯನ್ನು ಸೇರಿಸಿದರೆ ತಲಾ 4.58 ಮೀ. ಉದ್ದದ ಎರಡು ಒಳಗಣಿವೆಗಳು ಹುಟ್ಟುತ್ತವೆ. ಅವು ಮೂಲ ಅಂದಾಜಿನಲ್ಲಿ ಇಲ್ಲದ ಹೊಸ ಸಾಮಗ್ರಿ.

ಏಣಿನ ಉದ್ದವನ್ನು ನಕ್ಷೆಯ ಮೇಲಿನ ಗೆರೆಯಿಂದ ನೇರವಾಗಿ ಓದಬಾರದೆಂಬುದನ್ನೂ ಇಲ್ಲಿ ಹೇಳಬೇಕು. ನಕ್ಷೆಯಲ್ಲಿ ಆ ಗೆರೆ 4.24 ಮೀ. ಮಾತ್ರ, ಏರಿಕೆಯನ್ನು ಸೇರಿಸಿದರೆ ಅದು 4.58 ಮೀ. ತಂತ್ರಾಂಶಕ್ಕೆ ಇಳಿಜಾರಿನ ಕೋನವನ್ನು ಕೊಡದಿದ್ದರೆ ಪ್ರತಿಯೊಂದು ಓರೆಯಂಚೂ ಕುಗ್ಗಿಹೋಗುತ್ತದೆ.

4. ‘ಚದರ’ದ ಗೊಂದಲ

ನಮ್ಮ ಮೇಸ್ತ್ರಿಗಳು 100 ಚದರಡಿಯನ್ನು ಒಂದು ‘ಚದರ’ವೆನ್ನುತ್ತಾರೆ; ಹತ್ತು ಚದರದ ಮನೆಯೆಂದರೆ ಸಾವಿರ ಚದರಡಿಯ ಮನೆ. ಅಮೆರಿಕದಲ್ಲಿ ರೂಪುಗೊಂಡ ಛಾವಣಿಯ ತಂತ್ರಾಂಶಗಳಲ್ಲಿಯೂ 100 ಚದರಡಿಗೆ ‘ಸ್ಕ್ವೇರ್’ ಎಂಬ ಮಾನವೇ ಇದೆ. ಸಂಖ್ಯೆ ಒಂದೇ ಆದುದರಿಂದ ಎರಡೂ ಒಂದೇ ಎಂದು ತಿಳಿಯುವುದು ಸುಲಭ. ಆದರೆ ಅಳೆಯುವ ವಸ್ತು ಬೇರೆ. ನಮ್ಮ ಚದರ ನೆಲದ ಅಳತೆ, ಅವರದು ಇಳಿಜಾರಾದ ಛಾವಣಿಯ ಅಳತೆ. ಮೇಲಿನ ಮನೆ ನೆಲದ ಲೆಕ್ಕದಲ್ಲಿ 6.46 ಚದರ; ಛಾವಣಿಯ ಲೆಕ್ಕದಲ್ಲಿ 7.46. ಮೇಸ್ತ್ರಿ ಬಾಯಿಂದ ಹೇಳಿದ ಸಂಖ್ಯೆಯನ್ನು ತಂತ್ರಾಂಶದ ಮನೆಯಲ್ಲಿ ಹಾಗೆಯೇ ತುಂಬಿದರೆ ಒಂದು ಇಡೀ ಚದರದ ಹಂಚು ಕಡಮೆಯಾಗುತ್ತದೆ. ಆದ್ದರಿಂದ ಮೊದಲು ತಂತ್ರಾಂಶದ ಮಾನಗಳನ್ನು ಮೀಟರಿಗೆ ಬದಲಿಸಿ, ಬಳಿಕ ಲೆಕ್ಕಕ್ಕೆ ತೊಡಗುವುದು ಕ್ಷೇಮ. ಅಲ್ಲಿನ ಸಾಮಗ್ರಿಕೋಶದಲ್ಲಿ ಮೊದಲೇ ಇರುವ ಹತ್ತಡಿ ಉದ್ದದ ಅಂಚುಪಟ್ಟಿ ಮೊದಲಾದವು ಅಲ್ಲಿನ ಅಂಗಡಿಯ ವಸ್ತುಗಳು. ಹೊನ್ನಾಳಿಯ ಅಂಗಡಿಯಲ್ಲಿ ದೊರೆಯುವ ಉದ್ದವನ್ನು ವಿಚಾರಿಸಿ ಬರೆಯಬೇಕು.

5. ಒಂದೊಂದು ಸಾಮಗ್ರಿಯನ್ನು ನಮೂದಿಸುವ ಕ್ರಮ

ಪ್ರತಿ ಅಂಚುಪಟ್ಟಿಗೂ ಸಂಧಿತಗಡಿಗೂ ಐದು ವಿವರಗಳನ್ನು ಕೊಡತಕ್ಕದ್ದು.

ಮೊದಲನೆಯದು ಹೆಸರು. ಪರದೇಶದ ಹೆಸರಿನ ಜೊತೆಗೆ ಸ್ಥಳದಲ್ಲಿ ಕೆಲಸ ಮಾಡುವವನು ಗುರುತಿಸುವ ಹೆಸರನ್ನೂ ಬರೆಯಬೇಕು. ಪಟ್ಟಿಯನ್ನು ಓದುವವನು ಎಂಜಿನಿಯರು ಮಾತ್ರವಲ್ಲ, ಬಡಗಿಯೂ ಓದಬೇಕು.

ಎರಡನೆಯದು ಅದು ಅಂಟಿಕೊಳ್ಳುವ ಅಂಚು. ‘ಒಳಗಣಿವೆಯ ತಗಡು’ ಎಂಬ ಸಾಮಗ್ರಿಯನ್ನು ‘ಒಳಗಣಿವೆ’ ಎಂಬ ಗೆರೆಗೆ ಜೋಡಿಸಿದರೆ, ನಕ್ಷೆಯಲ್ಲಿ ಆ ಗೆರೆ ಎಳೆದಾಗಲೆಲ್ಲ ಸಾಮಗ್ರಿ ತಾನಾಗಿ ಪಟ್ಟಿಗೆ ಬರುತ್ತದೆ. ಮರೆವಿಗೆ ಇದಕ್ಕಿಂತ ಉತ್ತಮವಾದ ಮದ್ದಿಲ್ಲ.

ಮೂರನೆಯದು ಮಾನ ಮತ್ತು ಹೊದಿಕೆ. ತಗಡಿನ ಪಟ್ಟಿಯ ಉದ್ದ 2.44 ಮೀ., ಒಂದರ ಮೇಲೊಂದು ಹೊದೆಯುವುದು 15 ಸೆಂ.ಮೀ. ಎಂದಾದರೆ, ಎರಡನೆಯ ಪಟ್ಟಿಯಿಂದ ಮುಂದಕ್ಕೆ ಪ್ರತಿಯೊಂದೂ ಮುಚ್ಚುವುದು 2.29 ಮೀ. ಮಾತ್ರ. 10 ಮೀ. ಉದ್ದದ ಗೋಡೆಸಂಧಿಗೆ ಐದು ಪಟ್ಟಿಗಳು ಬೇಕಾಗುತ್ತವೆ.

ನಾಲ್ಕನೆಯದು ಸುತ್ತಗಲ, ಎಂದರೆ ಮಡಿಕೆಗಳನ್ನು ಬಿಡಿಸಿ ಚಪ್ಪಟೆ ಮಾಡಿದಾಗಿನ ಅಗಲ. 1.22 ಮೀ. ಅಗಲದ ತಗಡಿನಿಂದ 40 ಸೆಂ.ಮೀ. ಪಟ್ಟಿಗಳು ಮೂರು ಬರುತ್ತವೆ, 60 ಸೆಂ.ಮೀ. ಪಟ್ಟಿಗಳು ಎರಡು, 90 ಸೆಂ.ಮೀ. ಪಟ್ಟಿ ಒಂದೇ ಬಂದು 32 ಸೆಂ.ಮೀ. ಉಳಿಯುತ್ತದೆ. ಆ ಉಳಿಕೆಯನ್ನು ಬೇರೆ ಕಡೆ ಬಳಸದಿದ್ದರೆ ಕಣಿವೆಯ ನಿಜವಾದ ಬೆಲೆ ಅದರ ಅಗಲ ತೋರಿಸುವುದಕ್ಕಿಂತ ಹೆಚ್ಚು. ತಗಡನ್ನು ತೂಕದಿಂದ ಕೊಳ್ಳುವುದಾದರೆ ಸುತ್ತಗಲವೇ ತೂಕಕ್ಕೆ ದಾರಿ: ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ತಗಡು, ಲೇಪವನ್ನು ಬಿಟ್ಟು, ಚದರ ಮೀಟರಿಗೆ 3.925 ಕಿ.ಗ್ರಾಂ.; ಆದಕಾರಣ 40 ಸೆಂ.ಮೀ. ಪಟ್ಟಿ ಮೀಟರಿಗೆ 1.57 ಕಿ.ಗ್ರಾಂ., 90 ಸೆಂ.ಮೀ. ಪಟ್ಟಿ 3.53 ಕಿ.ಗ್ರಾಂ.

ಐದನೆಯದು ಪೂರ್ಣಾಂಕಕ್ಕೆ ಏರಿಸುವ ಕ್ರಮ. ಇದು ಚಿಕ್ಕದಾಗಿ ಕಂಡರೂ ಮೋಸಗೊಳಿಸುವಂಥದು. ಮೇಲೆ ಹೇಳಿದ ಮೊದಲನೆಯ ಮನೆಯ ನಾಲ್ಕು ಪಕ್ಕದಂಚುಗಳನ್ನು ತೆಗೆದುಕೊಳ್ಳೋಣ. ಒಂದೊಂದಕ್ಕೂ ಒಂದು ಪೂರ್ಣ ಪಟ್ಟಿ ಮತ್ತು 1.17 ಮೀ. ತುಂಡು ಬೇಕು. ಒಂದು ಪಟ್ಟಿಯಿಂದ ಅಂತಹ ಎರಡು ತುಂಡುಗಳು ಬರುವುದರಿಂದ ಒಟ್ಟು ಆರು ಪಟ್ಟಿಗಳು ಸಾಕು. ತಂತ್ರಾಂಶವು ಪ್ರತಿ ಅಂಚನ್ನೂ ಬೇರೆಯಾಗಿ ಏರಿಸಿದರೆ ಎಂಟು ಎನ್ನುತ್ತದೆ, ಎರಡು ವ್ಯರ್ಥ. ಆದರೆ ಪಕ್ಕದಂಚು 3.60 ಮೀ. ಇದ್ದರೆ ತುಂಡಿನ ಉದ್ದ 1.31 ಮೀ. ಆಗುತ್ತದೆ, ಒಂದು ಪಟ್ಟಿಯಿಂದ ಎರಡು ತುಂಡುಗಳು ಬರಲಾರವು, ಎಂಟು ಪಟ್ಟಿಗಳೇ ಬೇಕು. ಆಗ ಒಟ್ಟು ಉದ್ದವನ್ನು ಕೂಡಿಸಿ ಭಾಗಿಸುವ ತಂತ್ರಾಂಶವು ಏಳು ಎಂದು ಹೇಳಿ ಒಂದನ್ನು ಕಡಮೆ ಮಾಡುತ್ತದೆ. ಹದಿನಾಲ್ಕು ಸೆಂಟಿಮೀಟರಿನ ಅಂತರದಲ್ಲಿ ಲೆಕ್ಕದ ನಿಯಮವೇ ಬದಲಾಯಿತು. ಯಂತ್ರದ ಉತ್ತರವನ್ನು ಕತ್ತರಿ ಹಿಡಿದವನ ಕಣ್ಣಿನಿಂದ ಒಮ್ಮೆ ನೋಡಬೇಕೆಂಬುದು ಇದಕ್ಕಾಗಿ.

ಇವುಗಳ ಜೊತೆಗೆ ಸಾಮಗ್ರಿಗಳ ಹೊಂದಾಣಿಕೆಯ ಒಂದು ಟಿಪ್ಪಣಿಯನ್ನು ಸೇರಿಸುವುದು ಒಳ್ಳೆಯದು. ಹಸಿ ಸಿಮೆಂಟಿನ ಗಾರೆಯು ಕ್ಷಾರಗುಣದ್ದಾದುದರಿಂದ ಅಲ್ಯೂಮಿನಿಯಂ ಮತ್ತು ಸತುವಿನ ಲೇಪವನ್ನು ತಿನ್ನುತ್ತದೆ. ತಾಮ್ರದ ಮೇಲೆ ಹರಿದ ನೀರು ಸತುಲೇಪದ ತಗಡಿನ ಮೇಲೆ ಬಿದ್ದರೆ ತಗಡು ಬೇಗ ತುಕ್ಕುಹಿಡಿಯುತ್ತದೆ. ಹಂಚಿನ ನೆತ್ತಿಗೆ ಗಾರೆ ಹಾಕಿ ಪಳಗಿದ ಕೈ ತಗಡಿನ ನೆತ್ತಿಗೂ ಗಾರೆಯನ್ನೇ ಮೆತ್ತುವುದುಂಟು. ತಗಡಿನ ನೆತ್ತಿಗೆ ತಿರುಪು, ರಬ್ಬರಿನ ಬಿಲ್ಲೆ, ಸಂದು ತುಂಬುವ ಮೇಣಗಳನ್ನು ಜೊತೆಸಾಮಗ್ರಿಗಳಾಗಿ ಕಟ್ಟಿಟ್ಟರೆ ಪಟ್ಟಿಯೇ ಈ ಎಚ್ಚರವನ್ನು ಹೇಳುತ್ತದೆ.

6. ಜಗಳೂರಿನ ಮಾಳಿಗೆ

ಚಪ್ಪಟೆ ಛಾವಣಿಗೆ ನೆತ್ತಿಯೂ ಏಣೂ ಇಲ್ಲ. ಆದುದರಿಂದ ಅಂಚಿನ ಲೆಕ್ಕವೂ ಇಲ್ಲವೆಂದು ಭಾವಿಸಬಾರದು. ಮಾಳಿಗೆಯ ಮಣ್ಣು ಕೈಪಿಡಿಗೋಡೆಗೆ ತಾಗುವ ಸುತ್ತುಗೆರೆ, ನೀರು ಹೊರಬೀಳುವ ದೋಣಿಯ ಬಾಯಿ, ಬೆಳಕಿಂಡಿಯ ಕಟ್ಟೆ, ಈ ಮೂರೂ ಅಂಚುಗಳೇ. ಮಳೆಗಾಲಕ್ಕೆ ಮುಂಚೆ ಕರಲುಮಣ್ಣನ್ನು ಹರಡಿ ತುಳಿಯುವಾಗ ಗೋಡೆಯ ಬುಡದಲ್ಲಿ ಮಣ್ಣನ್ನು ಏರುಸಾಗಿ ಒತ್ತುವುದು ಗೋಡೆಸಂಧಿಯ ರಕ್ಷಣೆಯಲ್ಲದೆ ಬೇರೇನಲ್ಲ. ಇಂದಿನ ಕಾಂಕ್ರೀಟು ಛಾವಣಿಯಲ್ಲಿಯೂ ನೀರು ಇಳಿಯುವುದು ಬಹುಮಟ್ಟಿಗೆ ಇದೇ ಸುತ್ತುಗೆರೆಯಲ್ಲಿ. ಆದ್ದರಿಂದ ‘ಕೈಪಿಡಿಗೋಡೆಯ ಸಂಧಿ’ ಎಂಬುದನ್ನು ಉದ್ದದ ಮೀಟರಿನಲ್ಲಿಯೂ, ದೋಣಿ ಮತ್ತು ಬೆಳಕಿಂಡಿಗಳನ್ನು ಬಿಡಿ ಸಂಖ್ಯೆಯಲ್ಲಿಯೂ ನಮೂದಿಸತಕ್ಕದ್ದು. ಮಳೆ ಕಡಮೆಯ ಸೀಮೆಯಲ್ಲಿ ಈ ಎಚ್ಚರ ಏತಕ್ಕೆಂದರೆ, ಅಲ್ಲಿ ಗೋಡೆ ಮಣ್ಣಿನದು. ಒಂದು ರಾತ್ರಿಯ ಬಿರುಮಳೆ ಅದಕ್ಕೆ ಸಾಕು.

7. ಲೆಕ್ಕದಲ್ಲಿ ಇಲ್ಲದ್ದು ಕಟ್ಟಡದಲ್ಲಿಯೂ ಇರದು

ಮೇಲಿನ ವಿವರಗಳಿಂದ ಹೊರಡುವ ಸಾರಾಂಶವಿಷ್ಟು. ಬಯಲನ್ನು ಚದರ ಮಾನದಲ್ಲಿ ಅಳೆಯಬೇಕು, ಅಂಚನ್ನು ಉದ್ದದಲ್ಲಿ ಅಳೆಯಬೇಕು. ಒಂದರಿಂದ ಇನ್ನೊಂದನ್ನು ಊಹಿಸಬಾರದು. ಅಂದಾಜಿನಲ್ಲಿ ಬಿಟ್ಟುಹೋದ ಒಳಗಣಿವೆಯ ತಗಡಿಗೆ ಕೆಲಸದ ನಡುವೆ ಹಣ ಹುಡುಕಬೇಕಾದವನು ಮನೆಯ ಯಜಮಾನ. ಸಾಲ ತಂದು ಹಂಚು ಹೊದಿಸಿದ ಸಂಸಾರಕ್ಕೆ ಅದು ಚಿಕ್ಕ ಮೊತ್ತವಲ್ಲ. ದೊರೆಯದಿದ್ದರೆ ಕಣಿವೆ ತಗಡಿಲ್ಲದೆಯೇ ಮುಚ್ಚುತ್ತದೆ. ಸಾರ್ವಜನಿಕ ಕಟ್ಟಡದ ಪಾಡು ಇನ್ನೂ ಕಷ್ಟ. ಮಂಜೂರಾದ ಪಟ್ಟಿಯಲ್ಲಿ ಇಲ್ಲದ ವಸ್ತುವನ್ನು ಆಮೇಲೆ ಸೇರಿಸುವುದು ಸುಲಭವಲ್ಲ. ಹಂಚೆಲ್ಲ ಹೊಸದಾದ ಹಳೆಯ ಶಾಲಾಕೊಠಡಿಯು ಗೋಡೆಸಂಧಿಯಲ್ಲಿ ಸೋರಿ, ಕೆಲವೇ ಮಳೆಗಾಲಗಳಲ್ಲಿ ‘ಶಿಥಿಲ’ವೆಂಬ ಹೆಸರು ಹೊತ್ತು ನೆಲಸಮವಾದರೆ, ಅದನ್ನು ಕೆಡವಿದ್ದು ಕಾಲವಲ್ಲ, ಪಟ್ಟಿಯಲ್ಲಿ ಬರೆಯದೆ ಬಿಟ್ಟ ಒಂದು ಸಾಲು.

ಇತಿಹಾಸದ ವಿದ್ಯಾರ್ಥಿಗಳು ಇದರಲ್ಲಿ ಮಾಡಬಹುದಾದ ಕೆಲಸ ಒಂದಿದೆ. ಈ ತಾಲ್ಲೂಕುಗಳ ಬಡಗಿ, ಗಾರೆಕೆಲಸದವರು, ಹಂಚು ಹೊದಿಸುವವರು ಅಂಚಿನ ಒಂದೊಂದು ಭಾಗಕ್ಕೂ ಬಳಸುವ ಮಾತುಗಳನ್ನೂ ಅಳತೆಗಳನ್ನೂ ಅವರ ಬಾಯಿಂದಲೇ ಕೇಳಿ, ಊರಿನ ಹೆಸರಿನೊಡನೆ ಬರೆದಿಡತಕ್ಕದ್ದು. ಹಳೆಯ ಕೈಬರಹದ ಅಂದಾಜುಪಟ್ಟಿಗಳನ್ನು ಅರಸುವವರು 1997ಕ್ಕೆ ಹಿಂದಿನವುಗಳಿಗಾಗಿ ಶಿವಮೊಗ್ಗ, ಚಿತ್ರದುರ್ಗ ಜಿಲ್ಲೆಗಳ ಕಡತಗಳ ಕಡೆಗೂ ನೋಡಬೇಕಾದೀತು. ಹೀಗೆ ಕೂಡಿಸಿದ ಶಬ್ದಗಳನ್ನು ತಂತ್ರಾಂಶದ ಸಾಮಗ್ರಿಕೋಶಕ್ಕೆ ಸೇರಿಸಿದರೆ ಎರಡು ಪ್ರಯೋಜನ ಒಟ್ಟಿಗೆ ದೊರೆಯುತ್ತದೆ: ಇಂದಿನ ಮನೆ ಸೋರದೆ ನಿಲ್ಲುತ್ತದೆ, ನಾಳೆ ಆ ಪಟ್ಟಿಯನ್ನು ಓದುವವನಿಗೆ, ನ್ಯಾಮತಿಯ ಸೂರನ್ನೂ ಜಗಳೂರಿನ ಮಾಳಿಗೆಯನ್ನೂ ಕಟ್ಟಿದವರು ಮಳೆಯನ್ನು ಹೇಗೆ ಅರಿತಿದ್ದರೆಂಬುದು ತಿಳಿಯುತ್ತದೆ.